ನಂಬರಿಗೂ ಹೆಸರಿಗೂ ನಡುವೆ

ಮಾರ್ಚ್ 2, ಸೋಮವಾರ

ಇದು 2019ರ ಡೈರಿ. ಅಪ್ಪ ಗನ್‌ಮ್ಯಾನ್ ಆಗಿರುವ ತರೀಕೆರೆಯ ಬ್ಯಾಂಕಿನಲ್ಲಿ ಮಿಕ್ಕಿದ್ದು. ವಾರಗಳು ಹೊಂದುವುದಿಲ್ಲ. ಅಚ್ಚಾಗಿರುವ ವಾರವನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆಯುತ್ತಿದ್ದೇನೆ. ತಪ್ಪು ವಾರದ ಕೆಳಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಮೊದಲ ಪುಟದಲ್ಲಿ ತುಂಬಲು ಜಾಗಗಳಿವೆ. ಹೆಸರು: ದೇವರಾಜ ಸಿ. ಊರು: ಅಜ್ಜಂಪುರದ ಹತ್ತಿರ. ವಿದ್ಯಾಭ್ಯಾಸ: ಒಂಬತ್ತು ಪಾಸು, ಹತ್ತು ಎರಡು ಸಲ ಫೇಲು, ಗಣಿತ. ಉದ್ಯೋಗ: ಖಾಲಿ ಬಿಟ್ಟೆ.

ಎರಡನೆಯ ಸಲ ಪಾಸಾಗಬಹುದಿತ್ತು. ಪರೀಕ್ಷೆಯ ಕೋಣೆಯಲ್ಲಿದ್ದ ಮೇಷ್ಟ್ರು ಉತ್ತರಗಳನ್ನು ಮೆಲ್ಲಗೆ ಹೇಳುತ್ತಾ ಓಡಾಡಿದರು. ಎಲ್ಲರೂ ಬರೆದುಕೊಂಡರು, ನಾನು ಬರೆದುಕೊಳ್ಳಲಿಲ್ಲ. ಅದೇನು ದೊಡ್ಡತನವಲ್ಲ. ಬಾರದ್ದನ್ನು ಬರುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಸ್ಕೂಲಿನ ಕಡೆ ಹೋಗಲಿಲ್ಲ.

ಓಟದ ಟೈಮಿಂಗ್ ದಿನಾ ಬರೆದಿಡು ಅಂತ ಅಪ್ಪ ಹೇಳಿದ್ದಾನೆ. ಅದಕ್ಕೇ ಈ ಡೈರಿ. ಇವತ್ತು ಊರಾಚೆಯ ಹುಲ್ಲುಗಾವಲು, ನಮ್ಮ ಕಾವಲಿನಲ್ಲಿ ಸಾವಿರದ ಆರುನೂರು ಮೀಟರ್, ಆರು ನಿಮಿಷ ಹದಿನೆಂಟು ಸೆಕೆಂಡ್. ಅಮೃತಮಹಲ್ ಹಸುಗಳು ತಲೆಯೆತ್ತಿ ನೋಡಿದವು. ಅವುಗಳ ಹಿಂದಿನ ತಲೆಮಾರಿನವು ರಾಜರ ಸೈನ್ಯದಲ್ಲಿ ಫಿರಂಗಿ ಎಳೆದವಂತೆ. ಈಗ ಅವಕ್ಕೂ ಕೆಲಸವಿಲ್ಲ, ನನಗೂ ಇಲ್ಲ.

ಸೈನ್ಯದ ಅಗ್ನಿವೀರ್ ಅರ್ಜಿಗೆ ಏಪ್ರಿಲ್ ಒಂದು ಕೊನೆಯ ದಿನ. ತಾತ ಹದಿನೈದು ವರ್ಷ ಸೈನ್ಯದಲ್ಲಿದ್ದ. ಅಪ್ಪ ಇಪ್ಪತ್ತೊಂದು ವರ್ಷ ಇದ್ದು ಹವಾಲ್ದಾರ್ ಆಗಿ ಬಂದ. ಈಗ ನಾನು. ನನಗೂ ಸೈನ್ಯಕ್ಕೆ ಸೇರಬೇಕು ಅಂತಲೇ ಆಸೆ.

ಮಾರ್ಚ್ 5, ಗುರುವಾರ

ಅಪ್ಪನ ಜೊತೆ ಕಡೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಕಾಂತರಾಜ್ ಅನ್ನುವವನ ಆನ್‌ಲೈನ್ ಅಂಗಡಿ. ಅರ್ಜಿ ತುಂಬಿಕೊಡುತ್ತಾನೆ, ಮುಖ್ಯ ಕಸುಬು ಬೇರೆಯೇ ಇದೆ.

ಅವನು ವಿವರಿಸಿದ್ದು ಇಷ್ಟು. ಹತ್ತು ಪಾಸಾದವರಿಗೆ ಸಿಪಾಯಿ ಕೆಲಸ. ಎಂಟು ಪಾಸಾದವರಿಗೆ ಎರಡೇ ಕೆಲಸ, ಮೆಸ್ ಕೀಪರ್, ಇಲ್ಲವೇ ಹೌಸ್ ಕೀಪರ್. ಹೌಸ್ ಕೀಪರ್ ಅಂದರೆ ಏನು ಅಂತ ಕೇಳಿದೆ. ಕಾಂತರಾಜ್ ಅಪ್ಪನ ಮುಖ ನೋಡಿದ. ಅಪ್ಪ ಕ್ಯಾಲೆಂಡರ್ ನೋಡಿದ. "ಗುಡ್ಸೋದು, ತೊಳ್ಯೋದು ಕಣಪ್ಪ" ಅಂದ ಕಾಂತರಾಜ್. "ಹವಾಲ್ದಾರ್ ಮಗ, ತಾತ ಯುದ್ಧ ಮಾಡಿದೋರು. ನಿಂಗ್ಯಾಕೆ ಅದು?"

ಬೇರೆ ಯಾವುದೋ ರಾಜ್ಯದ ಬೋರ್ಡಿನಿಂದ ಹತ್ತನೇ ತರಗತಿಯ ಮಾರ್ಕ್ಸ್‌ಕಾರ್ಡ್ ತರಿಸುತ್ತಾನಂತೆ. ನಾನು ಪರೀಕ್ಷೆ ಬರೆಯಬೇಕಿಲ್ಲ, ಆ ರಾಜ್ಯಕ್ಕೆ ಹೋಗಬೇಕೂ ಇಲ್ಲ. ಗಣಿತದಲ್ಲಿ ಎಷ್ಟು ಹಾಕಿಸಲಿ ಅಂತ ಕೇಳಿದ. ನಾನು ಹನ್ನೊಂದು ಅಂದೆ. ನನಗೆ ಬಂದಿದ್ದು ಅಷ್ಟೇ. ಅಪ್ಪ ನನ್ನ ತೋಳು ಹಿಡಿದು ಆಚೆ ಕರೆದುಕೊಂಡು ಬಂದ.

ಬೈಕಿನಲ್ಲಿ ಅಜ್ಜಂಪುರದ ತನಕ ಬಂದೆವು. ರೈಲ್ವೆ ಗೇಟ್ ಹಾಕಿತ್ತು. ಅಲ್ಲಿ ಅಪ್ಪ ತಿರುಗದೆಯೇ ಹೇಳಿದ: "ಗ್ಯಾರೇಜಲ್ಲಿ ಆಯಿಲ್ ಬದಲಾಯಿಸಿಲ್ಲ ಅಂತ ಗಿರಾಕಿಗೆ ಹೇಳಿ ಕೆಲ್ಸ ಕಳ್ಕಂಡೆ. ಹೋಟ್ಲಲ್ಲಿ ಸಾಂಬಾರ್ ನಿನ್ನೇದು ಅಂತ ಹೇಳಿ ಕಳ್ಕಂಡೆ. ಇದೊಂದು ಸಲ ಬಾಯಿ ಮುಚ್ಕೊಂಡಿರು ಕಣೋ." ರೈಲು ಹೋಯಿತು.

ಮಾರ್ಚ್ 8, ಭಾನುವಾರ

ಓಟ: ಆರು ನಿಮಿಷ ಎರಡು.

ವಾಪಸ್ ಬಂದಾಗ ತಾತ ಕಕ್ಕಸು ತೊಳೆದು ಮುಗಿಸುತ್ತಿದ್ದ. ಎಪ್ಪತ್ತೆಂಟು ವರ್ಷ, ಆದರೂ ದಿನಾ ತಾನೇ ತೊಳೆಯುತ್ತಾನೆ. ಮೊದಲು ಗೋಡೆ, ಆಮೇಲೆ ದೂರದ ಮೂಲೆ, ಕೊನೆಗೆ ಬಾಗಿಲಿನ ಕಡೆ. ತೆಂಗಿನ ನಾರಿನ ಬ್ರಷ್ಷನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಆದ ಮೇಲೆ ಬಕೆಟ್ಟನ್ನೂ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಾನೆ. ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ನೋಡಿದವರು ಮಿಲಿಟರಿ ಶಿಸ್ತು ಅನ್ನುತ್ತಾರೆ. ಅಪ್ಪನಿಗೆ ಮಾತ್ರ ಇದನ್ನು ಕಂಡರೆ ಆಗುವುದಿಲ್ಲ. ನೆಂಟರು ಬಂದ ದಿನ ಬ್ರಷ್ಷನ್ನು ಬಚ್ಚಿಡುತ್ತಾನೆ.

ಇವತ್ತು ಊರಿನ ತಿಮ್ಮಪ್ಪ ಬಂದಿದ್ದ. ಪ್ರತಿ ವರ್ಷ ಅಂಬೇಡ್ಕರ್ ಜಯಂತಿಗೆ ಭವನದಲ್ಲಿ ತಾತನಿಗೆ ಶಾಲು ಹೊದಿಸುವುದು ಅವನೇ. ಈ ವರ್ಷ ಜಯಂತಿಯ ಆಮಂತ್ರಣದ ಕಾರ್ಡಿನಲ್ಲಿ ತಾತನ ಫೋಟೋನೂ ಹಾಕಿಸುತ್ತಾನಂತೆ, ಎಪ್ಪತ್ತೊಂದರ ಯುದ್ಧದ ವೀರ ಅಂತ. ತಾತನನ್ನು ರೇಗಿಸಲು ಅವನದು ಒಂದೇ ದಾರಿ. "ತಾತ, ನಂಬರ್ ಹೇಳು" ಅಂತಾನೆ. ತಾತನಿಗೆ ನಿನ್ನೆ ತಿಂದದ್ದು ಮರೆಯುತ್ತದೆ, ಸೈನ್ಯದ ನಂಬರ್ ಮರೆಯುವುದಿಲ್ಲ. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ ಹೇಳುತ್ತಾನೆ.

"ನಂಬರ್ ಏಕ್ ತೀನ್ ದೋ ಸಾತ್ ಆಠ್ ಚಾರ್ ನೌ."

ಒಂದು ಉಸಿರು ತೆಗೆದುಕೊಳ್ಳುತ್ತಾನೆ.

"ಚೌಡಪ್ಪ, ಹಾಜಿರ್ ಸಾಬ್."

ಚಿಕ್ಕಂದಿನಿಂದ ಕೇಳಿದ್ದೇನೆ. ಆ ಉಸಿರೂ ನಂಬರಿನ ಭಾಗವೇ ಅಂತ ನಾನೂ ಭೂಮಿಕಾನೂ ಅಂದುಕೊಂಡಿದ್ದೆವು. ನಾವು ಆಟ ಆಡುವಾಗಲೂ ಅಲ್ಲಿ ಉಸಿರು ತೆಗೆದುಕೊಂಡೇ ಹೇಳುತ್ತಿದ್ದೆವು. ಭೂಮಿಕಾ ನನ್ನ ತಂಗಿ, ತರೀಕೆರೆಯಲ್ಲಿ ಪಿಯುಸಿ ಓದುತ್ತಾಳೆ. ತನ್ನ ಹತ್ತನೇ ತರಗತಿಯ ಗಣಿತದ ಪುಸ್ತಕ ನನಗೆ ಕೊಟ್ಟಿದ್ದಳು. ದಪ್ಪಗಿದೆ, ಗಾಳಿಗೆ ಹೊಡೆದುಕೊಳ್ಳುವ ಬಾಗಿಲಿಗೆ ಒತ್ತುಕೊಟ್ಟಿದ್ದೇನೆ.

ಮಾರ್ಚ್ 10, ಮಂಗಳವಾರ

ಕೈ ಉರಿಯುತ್ತಿದೆ. ಇಡೀ ದಿನ ಮರಳು ಕಾಗದ ಉಜ್ಜಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಟ್ರಂಕಿದೆ. ತಾತ ಅದನ್ನು ತೆಗೆದುಕೊಂಡು ಹೋದ, ಅಪ್ಪನೂ ಅದನ್ನೇ ತೆಗೆದುಕೊಂಡು ಹೋದ. ಸೈನ್ಯಕ್ಕೆ ಹೊರಟವನು ಹಿಂದಿನವನ ಹೆಸರನ್ನು ಕೆರೆದು, ನಂಬರ್ ಸಿಕ್ಕ ಮೇಲೆ ತನ್ನ ನಂಬರ್, ತನ್ನ ಹೆಸರು ಬರೆಸಬೇಕು. ಇದು ನಮ್ಮ ಮನೆಯ ಪದ್ಧತಿ. ಕೆರೆಯುವ ಕೆಲಸ ಮಾತ್ರ ಹೊರಟವನದೇ. ತಗಡು ಕಾಣುವ ತನಕ ಉಜ್ಜು ಅಂತ ಹೇಳಿ ಅಪ್ಪ ಬ್ಯಾಂಕಿಗೆ ಹೋದ.

ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಹವಾಲ್ದಾರ್ ಚಂದ್ರಕುಮಾರ್ ಅಂತ ಅಪ್ಪನ ಹೆಸರಿತ್ತು, ಹವಾಲ್ದಾರ್ ಅನ್ನುವುದು ಬಡ್ತಿ ಬಂದ ಮೇಲೆ ತಿದ್ದಿಸಿದ್ದು. ಅದು ಹೋಯಿತು. ಕಪ್ಪು ಬಣ್ಣ ಬಂತು. ಅದೂ ಹೋಗುತ್ತಿರುವಾಗ ಕೆಳಗಿನಿಂದ ಹಳದಿ ಅಕ್ಷರಗಳು ಎದ್ದವು. ಅಪ್ಪ ಹೊರಟ ಕಾಲಕ್ಕೆ ಕೆರೆಯುವುದನ್ನು ಪೇಂಟರಿಗೇ ಬಿಟ್ಟಿದ್ದನೋ ಏನೋ, ಆ ಪೇಂಟರ್ ಕೆರೆದಿರಲಿಲ್ಲ, ಮೇಲೆ ಕಪ್ಪು ಬಳಿದು ಮುಗಿಸಿದ್ದ.

ಮೊದಲು ನಂಬರ್ ಬಂತು. 1327849. ತಾತನ ನಂಬರನ್ನು ಬರಹದಲ್ಲಿ ನೋಡಿದ್ದು ಇದೇ ಮೊದಲು. ಖುಷಿಯಾಯಿತು. ಕೊನೆಯಲ್ಲಿ ಚೌಡಪ್ಪ ಅಂತ ಇಂಗ್ಲಿಷಿನಲ್ಲಿ ಬಂತು. ಅವೆರಡರ ನಡುವೆ, ಅಪ್ಪನ ಹೆಸರಿಗೆ ಹವಾಲ್ದಾರ್ ಇದ್ದ ಜಾಗದಲ್ಲೇ, ಇನ್ನೊಂದು ಪದವಿತ್ತು. ಸಿಪಾಯಿ ಇರಬೇಕು ಅಂತ ಮೆಲ್ಲಗೆ ಉಜ್ಜಿದೆ.

ಸ್ವೀಪರ್.

ಎರಡು ಸಲ ಓದಿದೆ. ಬಟ್ಟೆ ಒದ್ದೆ ಮಾಡಿ ಒರೆಸಿ ಮತ್ತೆ ಓದಿದೆ. ಆಮೇಲೆ ಟ್ರಂಕಿನ ಮೇಲೆ ಗೋಣಿಚೀಲ ಹೊದಿಸಿದೆ. ಯಾಕೆ ಹೊದಿಸಿದೆನೋ ಗೊತ್ತಿಲ್ಲ. ನಾನು ಯಾವತ್ತೂ ಏನನ್ನೂ ಮುಚ್ಚಿಟ್ಟವನಲ್ಲ.

ಮಾರ್ಚ್ 11, ಬುಧವಾರ

ಓಡಲಿಲ್ಲ.

ಮಾರ್ಚ್ 13, ಶುಕ್ರವಾರ

ಅಜ್ಜಿಯನ್ನು ಕೇಳಿದೆ. ಅಜ್ಜಿ, ಅಂದರೆ ದುರ್ಗಮ್ಮ, ಹಿತ್ತಿಲಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಿಂಗೆ ಯಾರು ಹೇಳಿದ್ರು ಅಂತಲೂ ಕೇಳಲಿಲ್ಲ.

"ಲಗ್ನ ಆಗಿ ಎರಡನೇ ರಜೆಗೆ ಬಂದಾಗ ಗೊತ್ತಾಯ್ತು. ಎಷ್ಟು ಸೋಪು ಹಾಕಿದ್ರೂ ಕೈಯಾಗೆ ಫಿನಾಯಿಲ್ ವಾಸ್ನೆ. ಕೇಳ್ದೆ, ಹೇಳ್ದ. ಆಮ್ಯಾಕೆ ನಾನು ಕೇಳ್ಲಿಲ್ಲ, ಅವ್ನು ಹೇಳ್ಲಿಲ್ಲ."

ಊರಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅಜ್ಜಿ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. ಯೂನಿಫಾರಂ ಹಾಕಿಕೊಂಡು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದ ಮೊದಲ ಸಲ, ಹೋಟೆಲಿನಲ್ಲಿ ತಾತನನ್ನು ಒಳಗಡೆ ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟರಂತೆ. ಅದಕ್ಕೆ ಮುಂಚೆ ಅವನು ಆ ಹೋಟೆಲಿನ ಒಳಗಡೆಯನ್ನೇ ನೋಡಿರಲಿಲ್ಲವಂತೆ. "ಒಳಕ್ಕೆ ಕರ್ದೋರಿಗೆ, ನಾನು ಅಲ್ಲೂ ಗುಡ್ಸೋನೇ ಅಂತ ಹೇಳ್ಬೇಕಿತ್ತಾ?" ಅಂದಳು.

ನಾನಾಗಿದ್ದರೆ ಹೇಳುತ್ತಿದ್ದೆ ಅಂತ ಬಾಯಿಗೆ ಬಂತು. ಹೇಳಲಿಲ್ಲ. ನಾನು ಯಾವ ಹೋಟೆಲಿನ ಹೊರಗೂ ನಿಂತವನಲ್ಲ.

ಹಾಗಾದರೆ ತಾತ ಸುಳ್ಳು ಹೇಳಿದನೋ ಇಲ್ಲವೋ? ಇವತ್ತು ಇಡೀ ದಿನ ಇದೇ ಆಗಿದೆ.

ಮಾರ್ಚ್ 15, ಭಾನುವಾರ

ಅಪ್ಪ ಗೋಣಿಚೀಲ ಎತ್ತಿದ. ಎತ್ತಿದವನು ಹಾಗೇ ಕುಕ್ಕುರುಗಾಲಲ್ಲಿ ಕೂತ. ಹೆಬ್ಬೆರಳಿನಿಂದ ಆ ಪದದ ಮೇಲೆ ಒಮ್ಮೆ ಉಜ್ಜಿದ, ಹೋಗಲಿಲ್ಲ. ಕೆರೆದಿದೀನಿ ಅಂದಿದ್ನಲ್ಲ ಆ ಪೇಂಟರ್ ಅಂತ ಮಾತ್ರ ಹೇಳಿದ.

ನಿನಗೆ ಗೊತ್ತಿತ್ತಾ ಅಂತ ಕೇಳಿದೆ. ಎಂಟನೇ ಕ್ಲಾಸಿನಲ್ಲಿದ್ದಾಗಲೇ ಗೊತ್ತಾಗಿತ್ತಂತೆ. ಆಮೇಲೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಟ್ರೇನಿಂಗಲ್ಲಿ ಮೊದಲ್ನೇ ವಾರ ಉಸ್ತಾದ್ ಕೇಳ್ದ, ಯಾರ್ಯಾರ ಅಪ್ಪ ಫೌಜಲ್ಲಿದ್ರು, ಎದ್ದು ಅಪ್ಪನ ಟ್ರೇಡ್, ಯಾವ ಕೆಲ್ಸ ಅಂತ ಹೇಳ್ರಿ ಅಂತ. ನಾನೂ ಎದ್ದೆ. ಸಿಪಾಯಿ ಅಂದೆ. ಕೂತೆ. ಏನೂ ಆಗ್ಲಿಲ್ಲ. ಇಪ್ಪತ್ತೊಂದು ವರ್ಷ ಏನೂ ಆಗ್ಲಿಲ್ಲ ಕಣೋ. ನೀನೂ ಒಂದು ಸುಳ್ಳು ಹೇಳು. ಒಂದೇ ಒಂದು. ಏನೂ ಆಗಲ್ಲ."

ಏನೂ ಆಗದಿದ್ದರೆ ಇಪ್ಪತ್ತೊಂದು ವರ್ಷ ಯಾಕೆ ಲೆಕ್ಕ ಇಟ್ಟೆ ಅಂತ ಕೇಳಿದೆ.

ಅಪ್ಪ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಡಿಸಿ, ಅಂಚಿಗೆ ಅಂಚು ಕೂಡಿಸಿ, ಮತ್ತೆ ಟ್ರಂಕಿನ ಮೇಲೆ ಇಟ್ಟು ಆಚೆ ಹೋದ.

ಮಾರ್ಚ್ 19, ಗುರುವಾರ. ಯುಗಾದಿ

ಹೋಳಿಗೆ ಎಂಟು ತಿಂದೆ. ನಿಜ ಬರೆಯಬೇಕು ಅಂತ ಬರೆದಿದ್ದೇನೆ, ಹೆಮ್ಮೆಗಲ್ಲ.

ಮಧ್ಯಾಹ್ನ ಬೇವಿನ ಮರದ ಕೆಳಗೆ ತಾತ ಒಬ್ಬನೇ ಇದ್ದ. ಟ್ರಂಕ್ ಕೆರೆದೆ ತಾತ ಅಂದೆ. ಅವನಿಗೆ ಅಷ್ಟೇ ಸಾಕಾಯಿತು. ಹಳದಿ ಬಣ್ಣ ಇನ್ನೂ ಐತಾ ಅಂತ ಕೇಳಿದ. ಇದೆ ಅಂದೆ. ಒಳ್ಳೇ ಪೇಂಟು ಅಂದ.

ಊರಿನವರಿಗೆ ಸುಳ್ಳು ಹೇಳಿದೆಯಲ್ಲ ಅಂತ ನಾನು ಕೇಳಿಯೇಬಿಟ್ಟೆ. ತಾತನಿಗೆ ಸಿಟ್ಟು ಬಂತು.

"ಗುಂಡು ಹೊಡ್ದೆ ಅಂತ ಯಾವತ್ತಾದ್ರೂ ಹೇಳಿದ್ನೇನ್ಲಾ? ಯುದ್ಧದಾಗೆ ಇದ್ದೆ ಅಂದೆ. ಇದ್ದೆ. ಮಿಕ್ಕಿದ್ದು ಅವ್ರೇ ಸೇರಿಸ್ಕಂಡ್ರು."

ಆಮೇಲೆ ತಾನಾಗಿಯೇ ಹೇಳುತ್ತಾ ಹೋದ. ಕ್ಯಾಂಪು ಎಲ್ಲಿ ನಿಂತರೂ ಮೊದಲು ಕಕ್ಕಸಿನ ಗುಂಡಿ ತೋಡುವವನು ಇವನೇ, ಎಲ್ಲರೂ ಹೊರಟ ಮೇಲೆ ಮುಚ್ಚಿ ಕೊನೆಗೆ ಹೊರಡುವವನೂ ಇವನೇ. ಬೇರೆ ದಿನಗಳಲ್ಲಿ ಇವನ ಊಟದ ತಟ್ಟೆ ದೂರದಲ್ಲಿ ಇರುತ್ತಿತ್ತಂತೆ. ಯುದ್ಧದ ಹದಿಮೂರು ದಿನ ಮಾತ್ರ ಶೆಲ್ ಬೀಳುವಾಗ ಎಲ್ಲರೂ ಒಂದೇ ಹಳ್ಳದಲ್ಲಿ ಒಬ್ಬರ ಮೇಲೊಬ್ಬರು ಮಲಗಿದ್ದರು. "ಆ ಹದಿಮೂರು ದಿನ ನನ್ನ ಹೆಸರಿಗೆ ಮುಂಚೆ ಏನೂ ಹಾಕ್ದೆ ಕರದ್ರು ಕಣೋ. ಬರೀ ಚೌಡಪ್ಪ ಅಂತ. ನಾನು ಊರಿಗೆ ತಂದಿದ್ದು ಅದನ್ನೇ."

ಸುಳ್ಳೋ ಅಲ್ಲವೋ ಎಂಬುದು ಈಗ ಇನ್ನೂ ಕಲಸಿಹೋಗಿದೆ. ಹಿಂದೆ ನನಗೆ ಎರಡೇ ಡಬ್ಬಿಗಳಿದ್ದವು, ನಿಜ ಒಂದು, ಸುಳ್ಳು ಒಂದು. ಇದು ಎರಡರಲ್ಲೂ ಹಿಡಿಸುತ್ತಿಲ್ಲ.

ಮಾರ್ಚ್ 23, ಸೋಮವಾರ

ತಾತ ಬೆಳಿಗ್ಗೆ ಬಚ್ಚಲಲ್ಲಿ ಜಾರಿದ. ಬಲಗೈ ಮಣಿಕಟ್ಟು ಊದಿದೆ. ಅಜ್ಜಂಪುರದ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ ಮೂರು ವಾರ ಕೈ ಆಡಿಸಬೇಡ ಅಂದರು.

ಕಕ್ಕಸು ನಾನು ತೊಳೆದೆ. ತಾತ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಗೋಡೆ ಮೊದ್ಲು, ಗೋಡೆ ಮೊದ್ಲು ಅಂತ ಕೂಗುತ್ತಿದ್ದ. ಮೂಲೆ ಬಿಟ್ಟೆ ಅಂತ ಮೂರು ಸಲ ತೊಳೆಸಿದ.

ಓಟ: ಐದು ನಿಮಿಷ ನಲವತ್ತೊಂದು.

ಮಾರ್ಚ್ 26, ಗುರುವಾರ

ತೀರ್ಮಾನ ಮಾಡಿದೆ. ಮಾರ್ಕ್ಸ್‌ಕಾರ್ಡ್ ಬೇಡ. ಇರುವುದನ್ನು ಇರುವ ಹಾಗೆ ತುಂಬುತ್ತೇನೆ, ಎಂಟು ಪಾಸಾದವರ ಅರ್ಜಿ, ಹೌಸ್ ಕೀಪರ್. ಭೂಮಿಕಾ ತನ್ನ ಫೋನಿನಲ್ಲಿ ಎಲ್ಲ ತುಂಬಿಕೊಟ್ಟಳು. ಕೊನೆಯ ಗುಂಡಿ ಒತ್ತುವುದೊಂದು ಬಾಕಿ. "ಅಣ್ಣ, ನಿಜವಾಗ್ಲೂ?" ಅಂತ ಎರಡು ಸಲ ಕೇಳಿದಳು.

ತಾತನಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವನ ಕೆಲಸಕ್ಕೆ ನಾನು ನಾಚಿಕೊಳ್ಳುತ್ತಿಲ್ಲ ಅಂತ ಅವನಿಗೆ ಗೊತ್ತಾಗಲಿ ಅಂತಲೇ ಓಡಿ ಹೋಗಿ ಹೇಳಿದೆ.

ತಾತನ ಅಂಥ ಮುಖವನ್ನು ನಾನು ನೋಡಿರಲಿಲ್ಲ. ಎಡಗೈಯಲ್ಲಿ ನನ್ನ ಅಂಗಿ ಹಿಡಿದುಕೊಂಡ.

"ನಾನು ಆ ಪೊರಕೆ ಹಿಡಿದಿದ್ದು ನಿಮ್ಮಪ್ಪ ಹಿಡೀಬಾರ್ದು ಅಂತ. ಅವ್ನು ಹಿಡೀಲಿಲ್ಲ. ಗೆದ್ದೆ ಅನ್ಕಂಡೆ. ನೀನು ಈಗ ಹೋಗಿ ಅದನ್ನೇ ಎತ್ಕೋತೀನಿ ಅಂತೀಯಲ್ಲೋ. ನಂದೆಲ್ಲ ಎಲ್ಲಿಗೆ ಹೋಯ್ತು ಹಂಗಾದ್ರೆ?"

ಸುಳ್ಳು ಬೇಡ ಅಂದರೆ ಅಪ್ಪನಿಗೆ ನೋವು. ನಿಜ ಬರೆದರೆ ತಾತನಿಗೆ ನೋವು. ನಿಜ ಹೇಳಿದರೆ ಸಾಕು, ಮಿಕ್ಕಿದ್ದು ತಾನೇ ಸರಿಹೋಗುತ್ತದೆ ಅಂತ ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ.

ಮಾರ್ಚ್ 29, ಭಾನುವಾರ

ಓಟ: ಐದು ನಿಮಿಷ ಮೂವತ್ತಾರು. ಖುಷಿಯಾಗಲಿಲ್ಲ. ಓಡುವಾಗ ಮಾತ್ರ ಚೆನ್ನಾಗಿತ್ತು. ಕಾವಲಿನ ಆಚೆ ತುದಿಯ ಜಾಲಿ ಮರದ ತನಕ ಹೋಗಿ, ಅಲ್ಲೇ ಕೂತು ಬಂದೆ.

ಕಕ್ಕಸು ತೊಳೆದೆ. ತಾತನಿಗೆ ಸ್ನಾನ ಮಾಡಿಸಿದೆ. ಇವತ್ತು ಮೂಲೆ ಬಿಡಲಿಲ್ಲ.

ಏಪ್ರಿಲ್ 1, ಬುಧವಾರ

ಕೊನೆಯ ದಿನ. ಸಂಜೆ ಐದಕ್ಕೆ ಅರ್ಜಿ ಮುಚ್ಚುತ್ತದೆ ಅಂತ ಕಾಂತರಾಜ್ ಹೇಳಿದ್ದ. ಮೂರಕ್ಕೆ ತಾನೇ ಕಾರಿನಲ್ಲಿ ಬಂದ. ಜೊತೆಗೆ ಲ್ಯಾಪ್‌ಟಾಪ್, ಕಂದು ಕವರ್. ಅಪ್ಪ ರಜೆ ಹಾಕಿದ್ದ.

ಕವರಿನೊಳಗೆ ನನ್ನ ಮಾರ್ಕ್ಸ್‌ಕಾರ್ಡ್ ಇತ್ತು. ಗಣಿತಕ್ಕೆ ಅರವತ್ತೊಂದು. ಹೆಸರು, ಹುಟ್ಟಿದ ದಿನ, ಎಲ್ಲ ಸರಿಯಾಗಿದೆ. ನನ್ನ ಹಾಗೇ ಇರುವ ಇನ್ನೊಬ್ಬ ದೇವರಾಜ ಎಲ್ಲೋ ಕೂತು ಓದಿ ಪಾಸಾಗಿದ್ದಾನೆ ಅನ್ನಿಸಿತು. ಅವನನ್ನು ನೋಡಬೇಕು ಅಂತಲೂ ಅನ್ನಿಸಿತು.

ನಾನು ಇದನ್ನು ಹಾಕುವುದಿಲ್ಲ ಅಂದೆ. ಕಾಂತರಾಜ್ ನನ್ನ ಜೊತೆ ಮಾತಾಡಲಿಲ್ಲ. ತಾತನ ಮಂಚದ ಹತ್ತಿರ ಹೋಗಿ, ಬಹಳ ಮರ್ಯಾದೆಯಿಂದ, ನೀವು ಯುದ್ಧ ಮಾಡಿದೋರು, ಮೊಮ್ಮಗನಿಗೆ ನಾಲ್ಕು ಬುದ್ಧಿ ಹೇಳಿ ಅಂದ. ಅಪ್ಪ ಗೋಡೆಗೆ ಒರಗಿ ನಿಂತಿದ್ದ.

ತಾತ ನನ್ನನ್ನು ಹತ್ತಿರ ಕರೆದ. ಬುದ್ಧಿ ಹೇಳಲಿಲ್ಲ.

"ನಿಂಗೆ ಹೋಗ್ಬೇಕೇನ್ಲಾ?" ಅಂತ ಕೇಳಿದ.

ಉತ್ತರ ತಕ್ಷಣ ಬರುತ್ತದೆ ಅಂತ ಬಾಯಿ ತೆಗೆದೆ. ಬರಲಿಲ್ಲ. ಅರ್ಜಿ ಯಾವುದು ಅಂತ ಎಲ್ಲರೂ ಕೇಳಿದ್ದರು, ಮಾರ್ಕ್ಸ್ ಎಷ್ಟು ಅಂತ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲ ತಾತ ಅಂದೆ. ಓಡುವುದು ಇಷ್ಟ, ಮಿಕ್ಕಿದ್ದು ಗೊತ್ತಿಲ್ಲ.

"ಗೊತ್ತಿಲ್ದಿದ್ರೆ ಬಿಡು. ನಂಗೆ ಗೊತ್ತಿತ್ತು. ಹೊಟ್ಟೆಗಿರ್ಲಿಲ್ಲ, ಅದಕ್ಕೇ ಗೊತ್ತಿತ್ತು. ಗೊತ್ತಿಲ್ಲ ಅನ್ನೋ ಅವಕಾಶ ನಿಂಗೆ ಸಿಕ್ಕೈತಲ್ಲ, ಅದನ್ನ ನಾನೂ ನಿಮ್ಮಪ್ಪನೂ ದುಡ್ದಿದ್ದು ಕಣೋ."

ಕಾಂತರಾಜ್ ನಕ್ಕು, ಟೈಮಾಗ್ತಿದೆ ಹವಾಲ್ದಾರ್ರೇ ಅಂದ. ಅಪ್ಪ ಬಂದು ಕವರನ್ನು ನನ್ನ ಕೈಯಿಂದ ತೆಗೆದುಕೊಂಡ. ಒಳಗಿನ ಕಾಗದವನ್ನು ಒಮ್ಮೆ ನೋಡಿ ಮತ್ತೆ ಕವರಿಗೆ ಹಾಕಿ, ಮಡಿಕೆ ಸರಿಮಾಡಿ, ಕಾಂತರಾಜನ ಲ್ಯಾಪ್‌ಟಾಪಿನ ಮೇಲೆ ಇಟ್ಟ. ಕಾಫಿ ಕುಡಿದು ಹೋಗಿ ಅಂದ. ಅವನು ಕುಡಿಯಲಿಲ್ಲ.

ಭೂಮಿಕಾಳ ಫೋನಿನಲ್ಲಿ ಇನ್ನೊಂದು ಅರ್ಜಿ ಹಾಗೇ ಇತ್ತು. ಅದನ್ನು ಹಿಡಿದುಕೊಂಡು ಜಗಲಿಯಲ್ಲಿ ಕೂತೆ. ಎಲ್ಲವೂ ನಿಜವೇ ಬರೆದಿತ್ತು. ಕೆಳಗೆ, ಮೇಲಿನದೆಲ್ಲ ನನ್ನ ಸ್ವಂತ ಇಚ್ಛೆಯಿಂದ ಅನ್ನುವ ಅರ್ಥದ ಒಂದು ಸಾಲಿತ್ತು. ಆ ಸಾಲು ಮಾತ್ರ ಸುಳ್ಳು. ಐದು ಗಂಟೆ ಆಗುವ ತನಕ ನೋಡಿದೆ. ಆಯಿತು. ಫೋನ್ ವಾಪಸ್ ಕೊಟ್ಟೆ.

ಈ ಡೈರಿಯ ಮೊದಲ ಪುಟಗಳನ್ನು ತಿರುವಿದೆ. ನನಗೂ ಸೈನ್ಯಕ್ಕೆ ಸೇರಬೇಕು ಅಂತಲೇ ಆಸೆ, ಎಂದು ಬರೆದಿದ್ದೇನೆ. ಹೊಡೆದುಹಾಕೋಣ ಅಂತ ಪೆನ್ನು ತೆಗೆದೆ. ಬರೆಯುವಾಗ ಅದು ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ. ಬಿಟ್ಟೆ.

ಏಪ್ರಿಲ್ 3, ಶುಕ್ರವಾರ

ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ. ಏನಿದ್ದರೂ ನನ್ನ ಅವ್ವನ ಕೈಯಲ್ಲಿ ಹೇಳಿಸುತ್ತಾನೆ. ತಾತನ ಕೈ ಸುಧಾರಿಸುತ್ತಿದೆ.

ಏಪ್ರಿಲ್ 7, ಮಂಗಳವಾರ

ಓಡಿದೆ, ಟೈಮಿಂಗ್ ನೋಡಲಿಲ್ಲ. ವಾಪಸ್ ಬಂದಾಗ ಬಚ್ಚಲ ಕಡೆ ಪರಪರ ಸದ್ದು. ತಾತ ಪಟ್ಟಿ ಬಿಚ್ಚಿಕೊಂಡನೇನೋ ಅಂತ ಓಡಿದೆ.

ಅಪ್ಪ. ಬ್ಯಾಂಕಿನ ಯೂನಿಫಾರಂ ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ಬನಿಯನ್ನಿನಲ್ಲಿ, ತಾತನ ನಾರಿನ ಬ್ರಷ್ಷು ಹಿಡಿದಿದ್ದ. ಗೋಡೆ ಮುಗಿಸಿ ಮೂಲೆಗೆ ಬಂದಿದ್ದ. ಯಾರೂ ಹೇಳಿಕೊಡದೆಯೇ ಸರಿಯಾಗಿ ತೊಳೆಯುತ್ತಿದ್ದ. ತಾತ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ, ಏನೂ ಕೂಗುತ್ತಿರಲಿಲ್ಲ. ನಾನು ಅಲ್ಲಿ ನಿಲ್ಲಲಿಲ್ಲ.

ಬಕೆಟ್ಟನ್ನು ಬಿಸಿಲಿಗೆ ಬೋರಲು ಹಾಕಿ ಅಪ್ಪ ಬ್ಯಾಂಕಿಗೆ ಹೋದ.

ಬಾಗಿಲಿಗೆ ಒತ್ತುಕೊಡಲು ಹಿತ್ತಿಲಿನಿಂದ ಒಂದು ಕಲ್ಲು ತಂದಿಟ್ಟೆ. ಗಣಿತದ ಪುಸ್ತಕ ಬೇಕಾಗಿತ್ತು. ಭೂಮಿಕಾ ಸಂಜೆ ಒಂದು ಗಂಟೆ ಹೇಳಿಕೊಟ್ಟಳು, ಬಯ್ಯುತ್ತಾ.

ಏಪ್ರಿಲ್ 12, ಭಾನುವಾರ

ಟ್ರಂಕಿನ ವಿಷಯ ಏನು ಮಾಡುವುದು ಅಂತ ಅಪ್ಪನನ್ನು ಕೇಳಿದೆ. ಮಾತಾಡಿಸಿ ಹನ್ನೊಂದು ದಿನವಾಗಿತ್ತು. ಕಪ್ಪು ಬಳಿಯೋದು ಬೇಡ ಅಂದ. ಅಷ್ಟೇ ಅಂದ.

ತಿಮ್ಮಪ್ಪ ಕಾರ್ಡು ತಂದುಕೊಟ್ಟ. ತಾತನ ಫೋಟೋ ಚೆನ್ನಾಗಿ ಬಂದಿದೆ. ವೀರ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದಾನೆ. ತಾತ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಕರೆದು, "ನೀನು ಆ ಕಾಗದ ಬ್ಯಾಡ ಅಂದ್ಯಲ್ಲ, ನಂದೂ ಒಂದು ಹಿಂಗೇ ಬಂದೈತೆ ನೋಡು" ಅಂದ. ನಗುತ್ತಿದ್ದಾನೋ ಏನೋ ತಿಳಿಯಲಿಲ್ಲ.

ಏಪ್ರಿಲ್ 14, ಮಂಗಳವಾರ

ಭವನ ತುಂಬಿತ್ತು. ನೀಲಿ ಬಾವುಟಗಳು, ಶಾಮಿಯಾನ, ಪಾನಕ. ತಾತ ಬಿಳಿ ಅಂಗಿಗೆ ಮೆಡಲ್ ಚುಚ್ಚಿಕೊಂಡಿದ್ದ. ಅದು ನಿಜವಾದ ಮೆಡಲ್. ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟಿದ್ದು, ಗುಂಡಿ ತೋಡಿದವರಿಗೂ. ಅಪ್ಪ ಬ್ಯಾಂಕಿನಿಂದ ನೇರವಾಗಿ ಬಂದು ಹಿಂದೆ ಕಂಬದ ಹತ್ತಿರ ನಿಂತಿದ್ದ.

ಭಾಷಣಗಳಾದವು. ತಿಮ್ಮಪ್ಪ ಮೈಕಿನಲ್ಲಿ ತಾತನ ಬಗ್ಗೆ ಪ್ರತಿ ವರ್ಷ ಹೇಳುವುದನ್ನೇ ಹೇಳಿದ, ಈ ವರ್ಷ ಎರಡು ಟ್ಯಾಂಕ್ ಜಾಸ್ತಿ ಸೇರಿಸಿದ. ಶಾಲು ಬಿಚ್ಚಿ ಹಿಡಿದುಕೊಂಡು, ತಾತ ಈಗ ತಮ್ಮ ನಂಬರ್ ಹೇಳ್ತಾರೆ ಅಂದ. ಹುಡುಗರು ಶಿಳ್ಳೆ ಹಾಕಿದರು. ಆ ಹೊತ್ತಿಗೆ ಕರೆಂಟ್ ಹೋಯಿತು. ಮೈಕ್ ಸತ್ತಿತು. ಜನರೇಟರ್, ಜನರೇಟರ್ ಅಂತ ಯಾರೋ ಓಡಿದರು. ಕೂತ್ಕೋ ತಾತ, ಬರ್ಲಿ ತಡಿ ಅಂದ ತಿಮ್ಮಪ್ಪ.

ತಾತ ಕೂರಲಿಲ್ಲ. ಎದ್ದ. ನಾನು ಹಿಡಿದುಕೊಳ್ಳಲು ಹೋದೆ, ನನ್ನ ಕೈ ತೆಗೆದ. ಹಿಮ್ಮಡಿ ಕೂಡಿಸಿದ. ಅವನ ಗಂಟಲಲ್ಲಿ ಅಷ್ಟು ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ನಂಬರ್ ಏಕ್ ತೀನ್ ದೋ ಸಾತ್ ಆಠ್ ಚಾರ್ ನೌ ಸ್ವೀಪರ್ ಚೌಡಪ್ಪ, ಹಾಜಿರ್ ಸಾಬ್."

ನಡುವೆ ಉಸಿರು ತೆಗೆದುಕೊಳ್ಳಲಿಲ್ಲ.

ಮುಂದಿನ ಸಾಲಿನವರಿಗೆ ಕೇಳಿಸಿತು, ಹಿಂದಿನವರಿಗೂ ಕೇಳಿಸಿತು. ತಿಮ್ಮಪ್ಪ ಬಿಚ್ಚಿದ ಶಾಲನ್ನು ಹಾಗೇ ಹಿಡಿದು ನಿಂತಿದ್ದ. ಯಾರೋ ನಕ್ಕರು, ನಿಲ್ಲಿಸಿದರು. ನಾನು ತಿರುಗಿ ಅಪ್ಪನನ್ನು ನೋಡಿದೆ. ಕಂಬಕ್ಕೆ ಒರಗಿದ್ದವನು ಈಗ ಒರಗಿರಲಿಲ್ಲ. ಕೈಗಳು ಪ್ಯಾಂಟಿನ ಹೊಲಿಗೆಗೆ ಅಂಟಿಕೊಂಡು, ಗದ್ದ ಮೇಲಾಗಿ, ನೆಟ್ಟಗೆ, ಪೆರೇಡಿನ ಸಾವಧಾನ್ ಭಂಗಿಯಲ್ಲಿ ನಿಂತಿದ್ದ. ತಾತ ಕೂರುವ ತನಕ ಅಲುಗಲಿಲ್ಲ.

ಶಾಲನ್ನು ಕೊನೆಗೆ ಅಜ್ಜಿಯೇ ಎದ್ದು ಹೋಗಿ ತಿಮ್ಮಪ್ಪನ ಕೈಯಿಂದ ತೆಗೆದುಕೊಂಡು ಹೊದಿಸಿದಳು.

ಊರಿನವರು ಏನಂದುಕೊಂಡರೋ ಗೊತ್ತಿಲ್ಲ. ನಾಳೆ ಗೊತ್ತಾಗಬಹುದು. ಕೆಲವರು ಪಾನಕ ಕುಡಿಯದೆ ಎದ್ದು ಹೋದರು, ಅದನ್ನೂ ಬರೆಯಬೇಕು. ಒಬ್ಬಳು ಮುದುಕಿ ಬಂದು ತಾತನ ಪಟ್ಟಿ ಕಟ್ಟಿದ ಕೈಯನ್ನು ಹಿಡಿದುಕೊಂಡು ಒಮ್ಮೆ ಸವರಿ ಹೋದಳು.

ಮನೆಗೆ ನಡೆದು ಬರುವಾಗ ತಾತ ನನ್ನ ಭುಜ ಹಿಡಿದುಕೊಂಡಿದ್ದ. ಅಪ್ಪ ಎರಡು ಹೆಜ್ಜೆ ಹಿಂದೆ ಬೈಕ್ ತಳ್ಳಿಕೊಂಡು ಬರುತ್ತಿದ್ದ.

"ಹಿಂದ್ಗಡೆ ತನಕ ಕೇಳುಸ್ತೇನ್ಲಾ?" ಅಂತ ತಾತ ಕೇಳಿದ.

ನಾನು ಬಾಯಿ ತೆಗೆಯುವ ಮುಂಚೆ ಹಿಂದಿನಿಂದ ಅಪ್ಪ ಹೇಳಿದ, "ಕೇಳುಸ್ತು ಕಣಪ್ಪ."